ತೋಟದ ಮನೆಯ ವಾಲ್ವ್ ರೇಡಿಯೋ: ಕಂಡೆನ್ಸರ್ ಬದಲಿಸಿದ ಲೆಕ್ಕಪತ್ರ

ಮೂಡಿಗೆರೆ ಕಡೆಯ ಕಾಫಿ ತೋಟದ ಮನೆಯಿಂದ ಹಾಸನದ ಬೆಂಚಿಗೆ ಬಂದ ಸೆಟ್ಟು. ಮರದ ಪೆಟ್ಟಿಗೆ, ಒಂದು ಮೀಡಿಯಂ ವೇವ್, ಎರಡು ಶಾರ್ಟ್ ವೇವ್, ಬೆನ್ನಿನಲ್ಲಿ ಗ್ರಾಮಫೋನ್ ಪಿಕಪ್‌ಗೆ ಸಾಕೆಟ್. ವಾಲ್ವ್‌ಗಳು ಐದು: ಇಸಿಎಚ್81, ಇಎಫ್89, ಇಬಿಸಿ81, ಸ್ಪೀಕರ್ ನಡೆಸುವ ಇಎಲ್84, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಇಝಡ್80. ದೂರು ಎರಡು. ಸ್ವಿಚ್ ಹಾಕಿ ವಾಲ್ವ್ ಕಾದ ಕೂಡಲೇ ಗುಂಯ್ ಎನ್ನುತ್ತದೆ. ಅರ್ಧ ಗಂಟೆ ಕಳೆದರೆ ಸ್ವರ ಒಡೆದು ಸುಟ್ಟ ಮೇಣದ ವಾಸನೆ ಬರುತ್ತದೆ.

ಇಂಥ ಸೆಟ್ಟಿಗೆ ಎಲ್ಲರೂ ಮೊದಲು ನೋಡುವುದು ಚಾಸಿಯ (ವಾಲ್ವ್‌ಗಳು ಕೂತಿರುವ ತಗಡಿನ ತಟ್ಟೆ) ಮೇಲೆ ನಿಂತಿರುವ ದೊಡ್ಡ ಅಲ್ಯೂಮಿನಿಯಂ ಡಬ್ಬಿಯನ್ನು, ಅಂದರೆ ಡಿಸಿಯನ್ನು ನಯಮಾಡುವ ಎಲೆಕ್ಟ್ರೋಲಿಟಿಕ್ ಕಂಡೆನ್ಸರನ್ನು (ಕೆಪಾಸಿಟರ್). ಗುಂಯ್ ಸದ್ದಿಗೆ ಕಾರಣ ಅದೇ, ನಿಜ. ಆದರೆ ಇಎಲ್84 ಮತ್ತು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಎರಡನ್ನೂ ಸುಟ್ಟು ಕೂರಿಸುವುದು ಬೆರಳಿನ ಗಾತ್ರದ ಇನ್ನೊಂದು ಕಂಡೆನ್ಸರ್. ಇಬಿಸಿ81ರ ಆನೋಡ್‌ನಿಂದ (ಸ್ವರ ಹೊರಬರುವ ಕಾಲು) ಇಎಲ್84ರ ಗ್ರಿಡ್‌ಗೆ (ಸ್ವರ ಒಳಹೋಗುವ ಕಾಲು) ಹೋಗುವ 0.02 ಮೈಕ್ರೋಫ್ಯಾರಡ್‌ನ ಕಪ್ಲಿಂಗ್ ಅದು; ಸ್ವರವನ್ನು ದಾಟಿಸಿ ಡಿಸಿಯನ್ನು ತಡೆಯುವುದು ಅದರ ಕೆಲಸ. ಮೀಟರಿನಲ್ಲಿ ನೋಡಿದರೆ ಅದು ಸರಿಯಾಗಿಯೇ ಇರುತ್ತದೆ. ತೊಂದರೆ ಇರುವುದೇ ಅಲ್ಲಿ.

ಮಲೆನಾಡಿನ ಸೆಟ್ಟುಗಳಲ್ಲಿ ಇದು ಹೆಚ್ಚು. ಹಳೆಯ ಪೇಪರ್ ಕಂಡೆನ್ಸರ್ ಎಂದರೆ ಎರಡು ಲೋಹದ ಹಾಳೆಗಳ ನಡುವೆ ಕಾಗದ ಇಟ್ಟು ಸುತ್ತಿ, ಮೇಣ ಅಥವಾ ಡಾಂಬರು ಹಚ್ಚಿದ ಸುರುಳಿ. ತಂತಿ ಹೊರಬರುವ ತುದಿಯಲ್ಲಿ ಮೇಣ ಬಿರುಕು ಬಿಟ್ಟರೆ ಕಾಗದ ಗಾಳಿಯ ತೇವ ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಮನೆಯಲ್ಲಿ ಕಾಗದ ಒಣಗಿರಲಿ ಎಂದರೆ ಹೇಗೆ? ಅರಸೀಕೆರೆ, ಕಡೂರಿನಂಥ ಒಣ ಸೀಮೆಯ ಸೆಟ್ಟಿನಲ್ಲಿ ಎಲೆಕ್ಟ್ರೋಲಿಟಿಕ್ ಒಣಗಿ ಕೆಲಸ ಬಿಟ್ಟಿದ್ದರೂ ಪೇಪರ್ ಒಂದೆರಡು ಚೆನ್ನಾಗಿರಬಹುದು. ಸಕಲೇಶಪುರ, ಮೂಡಿಗೆರೆ, ಬಾಳೆಹೊನ್ನೂರಿನ ಸೆಟ್ಟಾದರೆ ಪೇಪರ್ ಅಷ್ಟನ್ನೂ ತೆಗೆಯುವುದೆಂದೇ ಕೂರುವುದು ಮೇಲು.

ಬೆನ್ನಿನ ರಟ್ಟು ತೆಗೆದಾಗ ಕಂಡದ್ದು: ಸ್ಪೀಕರ್ ಚೌಕಟ್ಟಿಗೆ ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡು, ಇಲಿ ಕಚ್ಚಿದ ಏರಿಯಲ್ ವೈರು, ರಬ್ಬರ್ ಹೊದಿಕೆ ಪುಡಿಯಾಗಿ ಉದುರುವ ಮೇನ್ಸ್ ತಂತಿ. ಚಾಸಿಯ ಕೆಳಗೆ ಹಿಂದಿನವರ ಕೈಚಳಕ: ಸೀಲಿಂಗ್ ಫ್ಯಾನಿನ 2.5 ಮೈಕ್ರೋಫ್ಯಾರಡ್ ಕಂಡೆನ್ಸರನ್ನು ಹಳೆಯ ಡಬ್ಬಿಗೆ ಸಮಾನಾಂತರವಾಗಿ ಕಟ್ಟಿಬಿಟ್ಟಿದ್ದಾರೆ. ಫ್ಯಾನ್ ಕಂಡೆನ್ಸರ್ 440 ವೋಲ್ಟ್ ಎಸಿ ತಡೆಯುತ್ತದೆ, ಸಿಡಿಯುವುದಿಲ್ಲ. ಆದರೆ 50 ಬೇಕಾದ ಕಡೆ ಎರಡೂವರೆ ಇಟ್ಟರೆ ಗುಂಯ್ ಹೋಗುವುದಿಲ್ಲ. ಅದಕ್ಕಿಂತ ದೊಡ್ಡ ತಪ್ಪು, ಕೆಟ್ಟದ್ದನ್ನು ಬಿಡಿಸದೆ ಅದರ ಪಕ್ಕದಲ್ಲೇ ಒಳ್ಳೆಯದನ್ನು ಕಟ್ಟುವುದು. ಹಳೆಯದರ ಸೋರಿಕೆ ಹಾಗೇ ಉಳಿಯುತ್ತದೆ, ಕಾಯುತ್ತದೆ, ಒಂದು ದಿನ ಶಾರ್ಟ್ ಆಗಿ ಇಝಡ್80ಯನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ.

ಕೈ ಹಾಕುವ ಮೊದಲು ಎರಡು ಮಾತು. ಒಂದು, ಈ ಸೆಟ್ಟಿನೊಳಗೆ 270 ವೋಲ್ಟ್ ಡಿಸಿ ಓಡಾಡುತ್ತದೆ. ಪ್ಲಗ್ ಕಿತ್ತ ಮೇಲೂ ಡಬ್ಬಿಯಲ್ಲಿ ಉಳಿದಿರುತ್ತದೆ. 10 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರಿನ ಎರಡು ತುದಿಗೂ ರಬ್ಬರ್ ಹೊದಿಕೆಯ ಕ್ಲಿಪ್ ಹಾಕಿಟ್ಟುಕೊಂಡು, ಡಬ್ಬಿಯ ಪ್ಲಸ್‌ನಿಂದ ಚಾಸಿಗೆ ಹತ್ತು ಸೆಕೆಂಡ್ ಹಿಡಿಯಿರಿ, ಆಮೇಲೆ ಮೀಟರಿನಲ್ಲಿ ಸೊನ್ನೆ ನೋಡಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಚಟ್ ಎನಿಸುವ ಅಭ್ಯಾಸ ಬೇಡ. ಎರಡು, ವಾಲ್ವ್‌ಗಳ ಹೆಸರು ಯುಸಿಎಚ್81, ಯುಎಲ್84 ಎಂದು ‘ಯು’ನಿಂದ ಶುರುವಾದರೆ ಅದು ಎಸಿ-ಡಿಸಿ ಸೆಟ್ಟು. ಅದರ ಚಾಸಿಗೆ ಮೇನ್ಸ್ ನೇರ ತಾಗಿರುತ್ತದೆ. ಅಂಥದಕ್ಕೆ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಕೈ ಹಾಕಬೇಡಿ. ಇಲ್ಲಿ ಹೇಳುವ ಅರ್ತ್ ಜೋಡಣೆ ಅದಕ್ಕೆ ಸಲ್ಲದು.

ಮೊದಲ ಕೆಲಸ, ಐದೂ ವಾಲ್ವ್ ತೆಗೆದಿಟ್ಟು 60 ವ್ಯಾಟಿನ ಹಳೇ ಕಾಲದ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ ಟ್ರಾನ್ಸ್‌ಫಾರ್ಮರ್ ನೋಡಿದ್ದು. ಎಲ್‌ಇಡಿ ಬಲ್ಬ್ ಇದಕ್ಕೆ ಆಗದು. ಬಲ್ಬ್ ಒಮ್ಮೆ ಮಿಣುಕಿ ಆರಿತು. ಪೂರ್ತಿ ಉರಿದಿದ್ದರೆ ಟ್ರಾನ್ಸ್‌ಫಾರ್ಮರ್ ಶಾರ್ಟ್ ಎಂದರ್ಥ, ಅಲ್ಲಿಗೇ ನಿಲ್ಲಿಸಬೇಕು. ಟ್ರಾನ್ಸ್‌ಫಾರ್ಮರಿಗೆ ಮೇನ್ಸ್ ವೋಲ್ಟೇಜ್ ಹೊಂದಿಸುವ ಟ್ಯಾಪ್ 220ಕ್ಕೆ ಇತ್ತು, 250ಕ್ಕೆ ಬದಲಿಸಲಾಯಿತು. ಮಳೆಗಾಲದ ರಾತ್ರಿ ಮೋಟರುಗಳೆಲ್ಲ ನಿಂತ ಮೇಲೆ ತೋಟದ ಲೈನಿನಲ್ಲಿ ವೋಲ್ಟೇಜ್ ಏರುವುದು ಅಲ್ಲಿನವರಿಗೆ ಗೊತ್ತಿರುವ ಸಂಗತಿ.

ಆಮೇಲೆ ಡಬ್ಬಿ. ಮೇಲೆ 50+50 ಮೈಕ್ರೋಫ್ಯಾರಡ್, 350 ವೋಲ್ಟ್ ಎಂದಿದೆ. ಒಂದು ಕಾಲಿನ ಪಕ್ಕ ಚೌಕ, ಇನ್ನೊಂದರ ಪಕ್ಕ ತ್ರಿಕೋನದ ಗುರುತು. ಯಾವ ಗುರುತಿಗೆ ಯಾವ ಬಣ್ಣದ ವೈರು ಎಂದು ಫೋಟೋ ತೆಗೆದುಕೊಂಡೇ ಬಿಡಿಸಿ. ಬಿಡಿಸಿ ಅಳೆದಾಗ ಒಂದರಲ್ಲಿ ಉಳಿದದ್ದು 9, ಇನ್ನೊಂದರಲ್ಲಿ 14. ಬುಡದ ರಬ್ಬರ್ ಉಬ್ಬಿ, ಉಪ್ಪಿನಂತೆ ಬಿಳಿ ಹೂವು ಬಂದಿತ್ತು. ಇಂಥದನ್ನು 100 ಕಿಲೋ ಓಮ್ ಮೂಲಕ ಮೆಲ್ಲಗೆ ವೋಲ್ಟೇಜ್ ಕೊಟ್ಟು ರೀಫಾರ್ಮ್ ಮಾಡುವವರಿದ್ದಾರೆ. ಬಳಸದೆ ಅಂಗಡಿಯಲ್ಲೇ ಉಳಿದ ಕಂಡೆನ್ಸರಿಗೆ ಅದು ಸರಿ. ನೀರಿನಂಶ ಆರಿ 50 ಹೋಗಿ 9 ಆದದ್ದು ರೀಫಾರ್ಮಿನಿಂದ ವಾಪಸ್ ಬರುವುದಿಲ್ಲ.

ಬದಲಿಗೆ ಹಾಕಿದ್ದು 47 ಮೈಕ್ರೋಫ್ಯಾರಡ್, 450 ವೋಲ್ಟ್, 105 ಡಿಗ್ರಿಯ ಎರಡು ಬಿಡಿ ಕಂಡೆನ್ಸರ್, ಚಾಸಿಯ ಕೆಳಗೆ. ಹಳೆಯ ಡಬ್ಬಿ ಅಂದಕ್ಕಾಗಿ ಮೇಲೆಯೇ ನಿಂತಿದೆ, ಒಂದು ವೈರೂ ಅದಕ್ಕೆ ತಾಗಿಲ್ಲ. 450 ಯಾಕೆ ಎಂದರೆ: ಈ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ 250-0-250. ಲೋಡ್ ಇಲ್ಲದಾಗ ಅದರ ಶಿಖರ 353 ವೋಲ್ಟ್. 230ರ ಟ್ಯಾಪಿನಲ್ಲಿಟ್ಟು ಲೈನಿನಲ್ಲಿ 250 ಬಂದರೆ 384. ಇಝಡ್80 ನಿಧಾನಕ್ಕೆ ಕಾಯುವ ವಾಲ್ವ್ ಆದ್ದರಿಂದ ಸ್ವಿಚ್ ಹಾಕಿದಾಗ ಅಷ್ಟು ಏರುವುದಿಲ್ಲ. ಇಎಲ್84 ಸತ್ತ ದಿನ, ಅಥವಾ ಅದನ್ನು ಕಿತ್ತು ಪರೀಕ್ಷೆ ಮಾಡುವಾಗ, ಆ ಮಟ್ಟದ ಹತ್ತಿರ ಹೋಗುತ್ತದೆ.

ಸಾಮರ್ಥ್ಯ ಮಾತ್ರ ಹೆಚ್ಚಿಸಬೇಡಿ. ಈಗ 100 ಮೈಕ್ರೋಫ್ಯಾರಡ್ ಅದೇ ಗಾತ್ರಕ್ಕೆ ಸಿಗುತ್ತದೆ, ಹಾಕಿದರೆ ಗುಂಯ್ ಇನ್ನೂ ಕಡಿಮೆಯಾಗದೇ ಎಂದು ಅನ್ನಿಸುತ್ತದೆ. ರೆಕ್ಟಿಫೈಯರ್ ಆದ ಮೇಲೆ ಬರುವ ಮೊದಲ ಕಂಡೆನ್ಸರಿಗೆ ಇಝಡ್80ಯ ಮಿತಿ 50. ಅದಕ್ಕಿಂತ ದೊಡ್ಡದನ್ನು ತುಂಬಿಸಲು ಪ್ರತಿ ಅರ್ಧ ಸೈಕಲ್‌ನಲ್ಲೂ ವಾಲ್ವ್ ಎಳೆಯಬೇಕಾದ ಕರೆಂಟಿನ ಏಟು ದೊಡ್ಡದು, ವಾಲ್ವಿನೊಳಗೆ ಎಲೆಕ್ಟ್ರಾನ್ ಹೊರಸೂಸುವ ಕ್ಯಾಥೋಡ್ ಬೇಗ ಸವೆಯುತ್ತದೆ. ಎರಡನೆಯ ಕಂಡೆನ್ಸರನ್ನು ಬೇಕಾದರೆ ದೊಡ್ಡದು ಮಾಡಬಹುದು. ಅಗತ್ಯ ಬೀಳಲಿಲ್ಲ.

ಇಲ್ಲಿ ಒಂದು ಎಡವಟ್ಟು ಆಯಿತು. ಮೊದಲ ಕಂಡೆನ್ಸರಿನ ಮೈನಸ್ ಕಾಲನ್ನು ಕೈಗೆ ಹತ್ತಿರವೆಂದು ವಾಲ್ಯೂಮ್ ಕಂಟ್ರೋಲ್ ಬಳಿಯ ಚಾಸಿ ಟ್ಯಾಗಿಗೆ ಬೆಸೆದದ್ದರಿಂದ, ಆಮೇಲೆ ಸೆಟ್ಟು ಹಾಡಿದಾಗ ವಾಲ್ಯೂಮ್ ಪೂರ್ತಿ ಇಳಿಸಿದರೂ ಝರ್ ಎನ್ನುವ ಸದ್ದು ಉಳಿಯಿತು. ಗುಂಯ್ ಅಲ್ಲ, ಅದಕ್ಕಿಂತ ಒರಟು. ಕಂಡೆನ್ಸರ್ ತುಂಬುವ ಏಟಿನ ಕರೆಂಟು ಚಾಸಿಯ ಆ ತುಂಡಿನಲ್ಲಿ ಹರಿದು ಆಡಿಯೋದೊಳಗೆ ಸೇರುತ್ತಿತ್ತು. ಮೈನಸ್ಸನ್ನು ನೇರ ಟ್ರಾನ್ಸ್‌ಫಾರ್ಮರಿನ ನಡುವಿನ ಟ್ಯಾಪಿಗೆ ಒಯ್ದು, ಅಲ್ಲಿಂದ ಒಂದೇ ಕಡೆ ಚಾಸಿಗೆ ಸೇರಿಸಿದ ಮೇಲೆ ನಿಂತಿತು. ಕೆಲವು ಸೆಟ್ಟುಗಳಲ್ಲಿ ಆ ನಡುವಿನ ಟ್ಯಾಪು ಚಾಸಿಗೆ ನೇರ ಸೇರದೆ ಸಣ್ಣ ರೆಸಿಸ್ಟರ್ ಮೂಲಕ ಸೇರುತ್ತದೆ, ಡಬ್ಬಿಯ ಕೆಳಗೆ ಕಂದು ರಟ್ಟಿನ ವಾಷರ್ ಇರುತ್ತದೆ. ವಾಷರ್ ಕಂಡರೆ ಮೈನಸ್ಸನ್ನು ಚಾಸಿಗೆ ಬೆಸೆಯಬೇಡಿ.

ಈಗ ಕಪ್ಲಿಂಗ್. ಇದನ್ನು ಸುಮ್ಮನೆ ಕಿತ್ತೆಸೆದು ಹೊಸದು ಹಾಕಿದರೂ ಆಗುತ್ತದೆ. ಆದರೂ ಒಮ್ಮೆ ಅಳೆದು ನೋಡುವುದು ಒಳ್ಳೆಯದು, ‘ಮೀಟರಿನಲ್ಲಿ ಸರಿಯಾಗಿದೆಯಲ್ಲ’ ಎನ್ನುವ ವಾದ ಮತ್ತೆ ಬರುವುದಿಲ್ಲ. ಕೈಮೀಟರಿನ ಕೆಪಾಸಿಟನ್ಸ್ ರೇಂಜಿನಲ್ಲಿ ಇದು ತೋರಿಸಿದ್ದು 0.026. ಬರೆದಿರುವುದು 0.02. ಹಳತಾಗಿ ಹೆಚ್ಚಾಯಿತೇ? ಇಲ್ಲ. ಸೋರುವ ಕಂಡೆನ್ಸರಿನಿಂದ ಮೀಟರ್ ಮೋಸಹೋಗಿ ಹೆಚ್ಚು ಓದುತ್ತದೆ. ಹೆಚ್ಚು ತೋರಿಸುವ ಪೇಪರ್ ಕಂಡೆನ್ಸರನ್ನು ಕಡಿಮೆ ತೋರಿಸುವುದಕ್ಕಿಂತ ಹೆಚ್ಚು ಅನುಮಾನಿಸಬೇಕು. ಮೀಟರ್ ಪರೀಕ್ಷಿಸುವುದು ಕೆಲವೇ ವೋಲ್ಟಿನಲ್ಲಿ. ಸೋರಿಕೆ ಎದ್ದು ಕಾಣುವುದು ನೂರರ ಲೆಕ್ಕದಲ್ಲಿ.

ಸರಿಯಾದ ಪರೀಕ್ಷೆ ಹೀಗೆ. ಇಎಲ್84 ತೆಗೆದಿಡಿ, ಉಳಿದ ವಾಲ್ವ್ ಹಾಕಿ. ಕಪ್ಲಿಂಗಿನ ಗ್ರಿಡ್ ಕಡೆಯ ಕಾಲು ಮಾತ್ರ ಬಿಡಿಸಿ ಗಾಳಿಯಲ್ಲಿ ನಿಲ್ಲಿಸಿ. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಆ ಬಿಡಿ ಕಾಲಿಗೂ ಚಾಸಿಗೂ ಕ್ಲಿಪ್ ಹಾಕಿ, ಆಮೇಲೆ ಸ್ವಿಚ್ ಹಾಕಿ. ಇನ್ನೊಂದು ಕಡೆ, ಇಬಿಸಿ81ರ ಆನೋಡ್‌ನಲ್ಲಿ, 105 ವೋಲ್ಟ್. ಕಂಡೆನ್ಸರ್ ಒಳ್ಳೆಯದಾದರೆ ಬಿಡಿ ಕಾಲಿನಲ್ಲಿ ಅಂಕಿ ಒಮ್ಮೆ ಹಾರಿ ಸೊನ್ನೆಯ ಹತ್ತಿರ ಇಳಿಯಬೇಕು. ಇಲ್ಲಿ 35ಕ್ಕೆ ನಿಂತಿತು. ಡಿಜಿಟಲ್ ಮೀಟರಿನ ಒಳ ತಡೆ 10 ಮೆಗಾ ಓಮ್; ಉಳಿದ 70 ವೋಲ್ಟ್ ಕಂಡೆನ್ಸರಿನ ಮೇಲೆ ಬಿದ್ದಿದೆ ಎಂದರೆ ಅದರ ಸೋರಿಕೆ ತಡೆ 20 ಮೆಗಾ ಓಮ್. ಹೊಸ ಪ್ಲಾಸ್ಟಿಕ್ ಫಿಲ್ಮ್ ಕಂಡೆನ್ಸರಿನಲ್ಲಿ ಇದು ಸಾವಿರಾರು ಮೆಗಾ ಓಮ್ ಇರುತ್ತದೆ.

20 ಮೆಗಾ ಓಮ್ ಎಂದರೆ ಭಾರೀ ತಡೆಯಲ್ಲವೇ ಎನಿಸಬಹುದು. ಇಎಲ್84ರ ಗ್ರಿಡ್ ಚಾಸಿಗೆ ಸೇರುವುದು 470 ಕಿಲೋ ಓಮ್ ಮೂಲಕ. ಕೆಲಸದ ವೇಳೆ ಆನೋಡ್‌ನಲ್ಲಿ 90 ವೋಲ್ಟ್ ಇಟ್ಟುಕೊಂಡರೆ ಗ್ರಿಡ್ ಮೇಲೆ 2 ವೋಲ್ಟ್ ಪ್ಲಸ್ ಕೂರುತ್ತದೆ. ಏಳು ಚಿಲ್ಲರೆ ವೋಲ್ಟ್ ಬಯಾಸ್‌ನಲ್ಲಿ (ಗ್ರಿಡ್ ಕ್ಯಾಥೋಡ್‌ಗಿಂತ ಅಷ್ಟು ಮೈನಸ್) ನಡೆಯುವ ವಾಲ್ವ್‌ಗೆ ಇದು ಸಣ್ಣದಲ್ಲ. ಕ್ಯಾಥೋಡ್ ರೆಸಿಸ್ಟರ್ ಸ್ವಲ್ಪ ತಡೆದು ಹಿಡಿಯುತ್ತದೆ, ಅದಕ್ಕೇ ತಣ್ಣಗಿರುವಾಗ ಸೆಟ್ಟು ಚೆನ್ನಾಗಿಯೇ ಹಾಡುತ್ತದೆ. ಮೀಟರ್ ಹಾಗೇ ಇಟ್ಟು, ಕೂದಲು ಒಣಗಿಸುವ ಡ್ರೈಯರಿನ ಬಿಸಿಗಾಳಿಯನ್ನು ಒಂದು ಅಡಿ ದೂರದಿಂದ ಆ ಕಂಡೆನ್ಸರಿನ ಮೇಲೆ ಹಾಯಿಸಿದಾಗ ಅಂಕಿ ಕಣ್ಣೆದುರೇ ಏರಿತು: 35, 41, 50, ಕೊನೆಗೆ 60. ಮೇಣ ಹೊಳೆಯತೊಡಗಿ, ತುದಿಯಲ್ಲಿ ಒಂದು ಹನಿ ಮೂಡಿತು. 60 ಎಂದರೆ ಸೋರಿಕೆ ತಡೆ ಏಳೂವರೆ ಮೆಗಾ ಓಮ್‌ಗೆ ಇಳಿದಿದೆ, ಗ್ರಿಡ್ ಮೇಲೆ 5 ವೋಲ್ಟಿಗೂ ಹೆಚ್ಚು. ಆಗ ಇಎಲ್84 ತನ್ನ 12 ವ್ಯಾಟಿನ ಮಿತಿ ದಾಟಿ ಕಾಯುತ್ತದೆ, ಆ ಕಾವು ಪಕ್ಕದ ಕಂಡೆನ್ಸರನ್ನು ಇನ್ನಷ್ಟು ಸೋರಿಸುತ್ತದೆ. ಅರ್ಧ ಗಂಟೆಯ ನಂತರ ಸ್ವರ ಒಡೆಯುವುದಕ್ಕೆ ಇದೇ ಕಾರಣ.

ಹೊಸದು 0.022 ಮೈಕ್ರೋಫ್ಯಾರಡ್, 630 ವೋಲ್ಟ್, ಪಾಲಿಪ್ರೊಪಿಲೀನ್. ಅಂಗಡಿಯಲ್ಲಿ ಮೈಮೇಲೆ ‘2ಜೆ 223ಜೆ’ ಎಂದಿರುತ್ತದೆ: 2ಜೆ ಎಂದರೆ 630 ವೋಲ್ಟ್, 223 ಎಂದರೆ 22ರ ಮುಂದೆ ಮೂರು ಸೊನ್ನೆ ಪಿಕೋಫ್ಯಾರಡ್, ಕೊನೆಯ ಜೆ ಎಂದರೆ 5 ಶೇಕಡಾ ಹೆಚ್ಚುಕಮ್ಮಿ. ಹಾಗೆಯೇ 473 ಎಂದರೆ 0.047, 104 ಎಂದರೆ 0.1. ಹಳೆಯ 0.02, 0.05, 0.005ರ ಜಾಗಕ್ಕೆ 0.022, 0.047, 0.0047 ಧಾರಾಳವಾಗಿ ನಡೆಯುತ್ತದೆ. ಹಳೆಯ ಸರ್ಕ್ಯೂಟ್ ನಕ್ಷೆಯಲ್ಲಿ ‘ಎಂಎಂಎಫ್‌ಡಿ’ ಎಂದಿದ್ದರೆ ಅದು ಪಿಕೋಫ್ಯಾರಡ್. ಒಂದು ‘ಎಂ’ ಓದದೆ ಬಿಟ್ಟರೆ ಹತ್ತು ಲಕ್ಷ ಪಟ್ಟು ತಪ್ಪಾಗುತ್ತದೆ. ಹಾಸನದಲ್ಲಿ 400 ವೋಲ್ಟಿನವು ಸುಲಭವಾಗಿ ಸಿಗುತ್ತವೆ. 630 ಮತ್ತು ಅದಕ್ಕೂ ಮೇಲಿನವಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಗೇ ಹೇಳಿ ತರಿಸಬೇಕಾಗಬಹುದು. ಚೌಕಾಶಿ ಮಾಡಿ 250 ವೋಲ್ಟಿನದನ್ನು ತಂದು ಇಲ್ಲಿ ಹಾಕಬೇಡಿ.

ಮಿಕ್ಕ ಪೇಪರ್‌ಗಳು: ಸ್ಕ್ರೀನ್ ಗ್ರಿಡ್ ಮತ್ತು ಎಚ್‌ಟಿ (ವಾಲ್ವ್‌ಗಳಿಗೆ ಕೊಡುವ ಹೆಚ್ಚಿನ ಡಿಸಿ ವೋಲ್ಟೇಜ್) ಡಿಕಪ್ಲಿಂಗ್‌ಗೆ 0.1ರ ಮೂರು, ಟೋನ್ ಸರ್ಕ್ಯೂಟಿಗೆ 0.01ರ ಎರಡು, ಎವಿಸಿ (ಸ್ಟೇಷನ್ನಿನ ಜೋರಿಗೆ ತಕ್ಕಂತೆ ವಾಲ್ಯೂಮ್ ತಾನಾಗಿ ಹೊಂದಿಸುವ) ಲೈನಿಗೆ 0.047ರ ಒಂದು. ಎವಿಸಿಯದನ್ನು ಅಸಡ್ಡೆ ಮಾಡುವವರು ಹೆಚ್ಚು, ಅಲ್ಲಿ ವೋಲ್ಟೇಜೇ ಇಲ್ಲವೆಂದು. ಆ ಲೈನಿನ ತಡೆ ಮೆಗಾ ಓಮ್‌ಗಳಲ್ಲಿರುವುದರಿಂದ ಚೂರು ಸೋರಿದರೂ ಎವಿಸಿ ಕುಸಿದು, ಹತ್ತಿರದ ಜೋರು ಸ್ಟೇಷನ್ ಬಂದಾಗ ಮಾತು ಕರಕರ ಎನ್ನುತ್ತದೆ. ಇಎಲ್84ರ ಕ್ಯಾಥೋಡ್‌ಗೆ ಇದ್ದ 25 ಮೈಕ್ರೋಫ್ಯಾರಡ್, 25 ವೋಲ್ಟ್ ಎಲೆಕ್ಟ್ರೋಲಿಟಿಕ್ ಪೂರ್ತಿ ಒಣಗಿತ್ತು. 22, 50 ವೋಲ್ಟ್ ಹಾಕಿದಾಗ ತಬಲಾದ ಡಗ್ಗಾ ವಾಪಸ್ ಬಂತು.

ಇನ್ನೆರಡು ಜಾಗದಲ್ಲಿ ಸಾಮಾನ್ಯ ಫಿಲ್ಮ್ ಸಾಲದು. ಇಎಲ್84ರ ಆನೋಡ್‌ನಿಂದ ಚಾಸಿಗೆ ಇರುವ 0.005: ಜೋರು ಸ್ವರ ಬಂದಾಗ ಅಲ್ಲಿನ ಶಿಖರ ಎಚ್‌ಟಿಯನ್ನು ಮೀರಿ ಹಾರುತ್ತದೆ. ಅದು ಶಾರ್ಟ್ ಆದರೆ ಎಚ್‌ಟಿ ಪೂರ್ತಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಮೂಲಕ ಚಾಸಿಗೆ ಇಳಿದು ಸುರುಳಿ ಸುಡುತ್ತದೆ. 0.0047, 1600 ವೋಲ್ಟಿನದೇ ಬೇಕು. ಇನ್ನೊಂದು ಮೇನ್ಸ್‌ನಿಂದ ಚಾಸಿಗೆ ಇರುವುದು. ಅಲ್ಲಿದ್ದ 0.01ರಿಂದ ಏನೂ ಕೆಡದಿದ್ದರೂ 230 ವೋಲ್ಟಿಗೆ 0.7 ಮಿಲಿಯಾಂಪ್ ಹರಿಯುತ್ತದೆ. ಅರ್ತ್ ಇಲ್ಲದ ಎರಡು ಪಿನ್ನಿನ ಮನೆಯಲ್ಲಿ ಸೆಟ್ಟಿನ ಸ್ಕ್ರೂ ಮುಟ್ಟಿದರೆ ಜುಮ್ ಎನ್ನುವುದು ಅದರಿಂದಲೇ. ಅಲ್ಲಿ ವೈ2 ದರ್ಜೆಯದು ಮಾತ್ರ ಹಾಕಬೇಕು. ಆ ದರ್ಜೆ ಕೆಟ್ಟರೂ ಶಾರ್ಟ್ ಆಗದಂತೆ ಕಟ್ಟಿದ್ದು. 0.0047, ವೈ2 ಹಾಕಿ, ಮೇನ್ಸ್‌ಗೆ ಮೂರು ಎಳೆಯ ವೈರು ಎಳೆದು, ಹಸಿರನ್ನು ಚಾಸಿಗೆ ಬಿಗಿದು, 1 ಆಂಪ್ ಫ್ಯೂಸ್ ಸೇರಿಸಲಾಯಿತು.

ಮುಟ್ಟದೆ ಬಿಟ್ಟವೂ ಇವೆ. ಐಎಫ್ (ಮಧ್ಯಂತರ ಆವರ್ತನದ) ಡಬ್ಬಿಯೊಳಗಿನ ಕಂಡೆನ್ಸರುಗಳು, ಕಂದು ಬಣ್ಣದ ಸಿಲ್ವರ್ ಮೈಕಾ, ಸೆರಾಮಿಕ್ ಡಿಸ್ಕ್. ಹಳೆಯದೆಂಬ ಒಂದೇ ಕಾರಣಕ್ಕೆ ಇವನ್ನು ಬದಲಿಸಿದರೆ ಟ್ಯೂನಿಂಗ್ ಜರುಗುತ್ತದೆ, ಆಮೇಲೆ ಸಿಗ್ನಲ್ ಜನರೇಟರ್ ಹಿಡಿದು ಕೂರಬೇಕು. ಒಂದೊಂದೇ ಬದಲಿಸಿ, ಎರಡು-ಮೂರಕ್ಕೊಮ್ಮೆ ಸೆಟ್ಟು ಹಾಕಿ ನೋಡಿ. ಹನ್ನೆರಡನ್ನೂ ಒಟ್ಟಿಗೆ ಬೆಸೆದ ಮೇಲೆ ಸೆಟ್ಟು ಮೂಕವಾದರೆ ತಪ್ಪು ಎಲ್ಲಿ ಎಂದು ಹುಡುಕುವುದರಲ್ಲೇ ದಿನ ಹೋಗುತ್ತದೆ.

ಬೆಸುಗೆಗೆ 60/40ರ ರೋಸಿನ್ ಸೋಲ್ಡರ್. 25 ವ್ಯಾಟ್ ಐರನ್ ಟ್ಯಾಗುಗಳಿಗೆ ಸಾಕು. ಚಾಸಿಯ ತಗಡಿಗೆ ನೇರ ಬೆಸೆದಿರುವ ಕಡೆ ತಗಡೇ ಕಾವು ಕುಡಿದುಬಿಡುತ್ತದೆ, ಅಲ್ಲಿ 60 ವ್ಯಾಟ್ ಬೇಕು. ವಾಲ್ವ್ ಸಾಕೆಟ್ಟಿನ ಕಾಲನ್ನು ಅಲ್ಲಾಡಿಸಿ ಎಳೆದರೆ ಬೇಕ್‌ಲೈಟ್ ಬಿರಿಯುತ್ತದೆ. ಅಲ್ಲಿ ಹಳೆಯ ಕಂಡೆನ್ಸರಿನ ತಂತಿಯನ್ನು ಅರ್ಧ ಇಂಚು ಬಿಟ್ಟು ಕತ್ತರಿಸಿ, ಆ ತುಂಡಿಗೆ ಕೊಕ್ಕೆ ಮಾಡಿ ಹೊಸದನ್ನು ಬೆಸೆಯುವುದೇ ಕ್ಷೇಮ. ನೋಡಲು ಅಷ್ಟು ಚೆಂದವಿರುವುದಿಲ್ಲ, ಇರಲಿ. ಹಳೆಯ ಮೇಣದ ಕೊಳವೆಯೊಳಗೆ ಹೊಸ ಕಂಡೆನ್ಸರ್ ಅಡಗಿಸಿ ಅಸಲಿಯಂತೆ ಕಾಣಿಸುವವರೂ ಇದ್ದಾರೆ. ಪ್ರದರ್ಶನಕ್ಕಿಡುವ ಸೆಟ್ಟಿಗೆ ಸರಿ, ಹಾಡುವ ಸೆಟ್ಟಿಗೆ ವ್ಯರ್ಥ ಶ್ರಮ.

ಕಂಡೆನ್ಸರುಗಳ ಜೊತೆ ರೆಸಿಸ್ಟರುಗಳನ್ನೂ ಅಳೆಯಬೇಕು. ಹಳೆಯ ಕಾರ್ಬನ್ ರೆಸಿಸ್ಟರ್ ಸಾಮಾನ್ಯವಾಗಿ ಮೇಲಕ್ಕೇ ಏರುತ್ತದೆ. ಇಬಿಸಿ81ರ ಆನೋಡಿನ 220 ಕಿಲೋ 287 ಆಗಿತ್ತು. 20 ಶೇಕಡಾ ಮೀರಿದ ನಾಲ್ಕನ್ನು ಬದಲಿಸಿ, ಉಳಿದವನ್ನು ಹಾಗೇ ಬಿಡಲಾಯಿತು.

ಕೊನೆಯ ಪರೀಕ್ಷೆ ಮತ್ತೆ ಸೀರೀಸ್ ಬಲ್ಬಿನಿಂದ, ಈ ಸಲ 100 ವ್ಯಾಟ್. ವಾಲ್ವ್ ಕಾದಂತೆ ಬಲ್ಬ್ ಮಂದವಾಗಿ ಉರಿದು ನಿಂತಿತು. ಆಮೇಲೆ ನೇರ ಮೇನ್ಸ್. ಮೊದಲ ಕಂಡೆನ್ಸರಿನ ಮೇಲೆ 268 ವೋಲ್ಟ್, 1.2 ಕಿಲೋ ಓಮ್ ದಾಟಿದ ಮೇಲೆ 238, ಇಎಲ್84ರ ಆನೋಡ್‌ನಲ್ಲಿ 250, ಕ್ಯಾಥೋಡ್‌ನ 150 ಓಮ್ ಮೇಲೆ 7.2. ಅಂದರೆ ವಾಲ್ವ್ ಒಟ್ಟು 48 ಮಿಲಿಯಾಂಪ್ ಎಳೆಯುತ್ತಿದೆ, 12 ವ್ಯಾಟಿನ ಒಳಗೇ ಇದೆ. ಗ್ರಿಡ್ ಮೇಲೆ 0.0. ಎರಡು ಗಂಟೆ ಬಿಟ್ಟು ನೋಡಿದಾಗಲೂ ಕ್ಯಾಥೋಡ್ 7.2, ಗ್ರಿಡ್ 0.0. ಕ್ಯಾಥೋಡ್ ವೋಲ್ಟೇಜ್ ನಿಧಾನವಾಗಿ ಏರುತ್ತಾ ಹೋಗಿ ಗ್ರಿಡ್ ಮಾತ್ರ ಸೊನ್ನೆ ಇದ್ದಿದ್ದರೆ ತಪ್ಪು ಕ್ಯಾಥೋಡ್ ರೆಸಿಸ್ಟರಿನದು; ಕಂಡೆನ್ಸರ್ ಹೊಸದಾಗಿದ್ದೂ ಗ್ರಿಡ್ಡೇ ಏರಿದ್ದರೆ ವಾಲ್ವೇ ಹಾಳಾಗಿದೆ ಎಂದರ್ಥ. ಸ್ಪೀಕರಿಗೆ ಕಿವಿ ಹಚ್ಚಿದರೆ ಕೇಳುವಷ್ಟು ಗುಂಯ್ ಉಳಿದಿದೆ. ಇಎಲ್84ರ ಆನೋಡ್‌ಗೆ ಮೊದಲ ಕಂಡೆನ್ಸರಿನಿಂದಲೇ ನೇರ ಕೊಟ್ಟಿರುವ ಸರ್ಕ್ಯೂಟಿನಲ್ಲಿ ಅಷ್ಟು ಇದ್ದೇ ಇರುತ್ತದೆ.

ಹಾಸನ ಆಕಾಶವಾಣಿ 102.2ರ ಎಫ್‌ಎಂನಲ್ಲಿ ಇರುವುದರಿಂದ ಈ ಸೆಟ್ಟಿಗೆ ಅದು ಸಿಗದು. ಮೀಡಿಯಂ ವೇವ್ ಪರೀಕ್ಷೆ ಬೆಂಗಳೂರಿನ 612 ಕಿಲೋಹರ್ಟ್ಸ್ ಮೇಲೆ. ಡಯಲಿನಲ್ಲಿ ಮೀಟರ್ ಲೆಕ್ಕವಿದ್ದರೆ 490ರ ಹತ್ತಿರ ನೋಡಿ. ಮುಳ್ಳು ಎರಡು ಕೂದಲೆಳೆ ಪಕ್ಕದಲ್ಲಿತ್ತು. ಅದನ್ನು ಹೊಂದಿಸುವ ಟ್ರಿಮ್ಮರಿಗೆ ಕೈ ಹಾಕಲಿಲ್ಲ.

ಬೆನ್ನಿನ ರಟ್ಟಿನ ತೂತುಗಳಿಗೆ ಒಳಗಿನಿಂದ ಸೊಳ್ಳೆ ಪರದೆಯ ಲೋಹದ ಜಾಲರಿ ಹೊಡೆದದ್ದು ಕುಂಬಾರ ಹುಳಕ್ಕಾಗಿ. ಗಾಳಿ ಮಾತ್ರ ಕಟ್ಟಬಾರದು. ಪೆಟ್ಟಿಗೆಯ ಒಳಗೋಡೆಗೆ ಒಂದು ಚೀಟಿ ಅಂಟಿಸಿದೆ: ಟ್ಯಾಪ್ 250. ಮೇಲಿನ ಡಬ್ಬಿ ಖಾಲಿ, ವೈರು ಜೋಡಿಸಬೇಡಿ. ಫಿಲ್ಟರ್ 47+47 ಕೆಳಗಿದೆ. ಇಎಲ್84 ಕ್ಯಾಥೋಡ್ 7.2, ಗ್ರಿಡ್ 0.